ಚಹಾಕ್ಕೆ ಕರೆಯುವ ಯಂತ್ರ

ಮನೆಯಲ್ಲಿ ಕುಳಿತು ದೂರದ ಕಚೇರಿಗೆ ದುಡಿಯುವವರ ಒಂಟಿತನಕ್ಕೆ ಒಂದು ಹೊಸ ಮದ್ದು

ಗೋಕಾಕದ ಹಳೆಯ ಓಣಿಯೊಂದರಲ್ಲಿ ಮಧ್ಯಾಹ್ನದ ನಾಲ್ಕು ಗಂಟೆ. ಪಡಸಾಲೆಯಲ್ಲಿ ಆಯಿ ಶೇಂಗಾ ಸುಲಿಯುತ್ತ ಕುಳಿತಿದ್ದಾಳೆ. ಬೆಳಗಿನಿಂದ ಮುಚ್ಚಿಯೇ ಇದ್ದ ಒಳಕೋಣೆಯೊಳಗಿಂದ ಮೊಮ್ಮಗಳ ನಗೆ ಕೇಳಿಬರುತ್ತದೆ. ಆಯಿಗೆ ಆಶ್ಚರ್ಯ. ಸುಲಿಯುತ್ತಿದ್ದ ಕೈ ನಿಲ್ಲಿಸಿ ಕೇಳುತ್ತಾಳೆ:

"ಯಾರ ಕೂಡ ನಗಾಕತ್ತಿ ಯವ್ವಾ? ಕೆಲಸ ಐತಿ, ಮಾತಾಡಸಬ್ಯಾಡ ಅಂದಿದ್ದಿ?"

"ಇದೂ ಕೆಲಸದಾಗ ಬರತೈತಿ ಆಯಿ. ಪುಣೆದಾಗ ಇರೋ ಹುಡುಗಿ. ನಾ ಆಕೀನ ಇನ್ನೂ ಒಮ್ಮೆನೂ ಎದುರಾ ಎದುರ ನೋಡಿಲ್ಲ."

"ನೋಡಿಲ್ಲಂದ್ರ ಪರಿಚಯ ಮಾಡಿಸಿದಾವ್ರು ಯಾರು?"

"ಯಂತ್ರ, ಆಯಿ!"

ಇಂಥ ಸಂಭಾಷಣೆ ಇಂದು ಗೋಕಾಕದಲ್ಲಿ ಮಾತ್ರವಲ್ಲ, 2018ರಲ್ಲಿ ಅದರಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯಲ್ಲಿ, ಪಕ್ಕದ ಹುಕ್ಕೇರಿಯಲ್ಲಿ, ನಾಡಿನ ಯಾವ ಊರಿನಲ್ಲಿಯೂ ನಡೆಯಬಹುದು. ಕಚೇರಿ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಸಮುದ್ರದಾಚೆಯಲ್ಲಿಯೋ ಇರುತ್ತದೆ. ಕೆಲಸಗಾರ ಮಾತ್ರ ತನ್ನ ಮನೆಯ ಮೂಲೆಯ ಮೇಜಿನ ಮುಂದೆ ಇರುತ್ತಾನೆ. ಹೀಗೆ ಚದುರಿದವರನ್ನು ವಾರಕ್ಕೊಮ್ಮೆ ಇಬ್ಬಿಬ್ಬರನ್ನಾಗಿ ಕೂಡಿಸಿ, "ಇಂದು ನೀವಿಬ್ಬರೂ ಹದಿನೈದು ನಿಮಿಷ ಸುಮ್ಮನೆ ಮಾತನಾಡಿ" ಎಂದು ನೆನಪಿಸುವ ಯಂತ್ರವಿಧಾನವೊಂದು ಈಗ ಬಳಕೆಗೆ ಬಂದಿದೆ. ಹರಟೆಗೂ ಯಂತ್ರ ಬೇಕಾಯಿತೇ ಎಂದು ವಾಚಕರು ನಗಬಹುದು. ಆದರೆ ನಗುವ ಮುನ್ನ ಈ ವಿಷಯದ ಹಿಂದು ಮುಂದುಗಳನ್ನು ತುಸು ವಿಚಾರಿಸುವುದು ಒಳ್ಳೆಯದು; ಏಕೆಂದರೆ ನಮ್ಮ ಮಕ್ಕಳು ತಮ್ಮ ಊರಿನಲ್ಲಿಯೇ ಇದ್ದು ದುಡಿಯಬಲ್ಲರೇ ಎಂಬ ಪ್ರಶ್ನೆ ಇದರೊಡನೆ ತಳಕು ಹಾಕಿಕೊಂಡಿದೆ.

ನೀರಿನ ಬಳಿಗೆ ಹೋದ ಗಿರಣಿ, ಮನೆಯ ಬಳಿಗೆ ಬಂದ ಕೆಲಸ

ಘಟಪ್ರಭೆ ಸುಮಾರು 170 ಅಡಿ ಎತ್ತರದಿಂದ ಧುಮುಕುವ ಸ್ಥಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹತ್ತಿಯ ಗಿರಣಿ ಹುಟ್ಟಿಕೊಂಡಿತು. ನೀರಿನ ಬಲ ಅಲ್ಲಿತ್ತು. ಆದುದರಿಂದ ಯಂತ್ರಗಳು ಅಲ್ಲಿಗೆ ಹೋದವು, ಯಂತ್ರಗಳ ಹಿಂದೆ ಜನರೂ ಹೋದರು. ಬಲವಿದ್ದೆಡೆಗೆ ಜನ ಹೋಗುವುದು ಅಂದಿನ ಉದ್ಯಮದ ನಿಯಮ. ಗಿರಣಿಯಲ್ಲಿ ದುಡಿಯುವವರಿಗೆ ಒಬ್ಬರನ್ನೊಬ್ಬರು ಪರಿಚಯಿಸಿಕೊಳ್ಳಲು ಯಾವ ಏರ್ಪಾಡೂ ಬೇಕಿರಲಿಲ್ಲ. ಪಾಳಿ ಬದಲಾಗುವಾಗ ಬಾಗಿಲಲ್ಲಿ ಎದುರಾಗುತ್ತಿದ್ದರು. ಬುತ್ತಿ ಬಿಚ್ಚುವಾಗ ಪಕ್ಕದಲ್ಲಿ ಕೂರುತ್ತಿದ್ದರು. ಯಾರ ಮಗಳ ಮದುವೆ, ಯಾರ ಹೊಲದಲ್ಲಿ ಮಳೆ, ಯಾವ ಮೇಲ್ವಿಚಾರಕನ ಸ್ವಭಾವ ಎಂಥದು ಎಂಬುದೆಲ್ಲ ಯಾರೂ ಹೇಳಿಕೊಡದೆ ತಿಳಿಯುತ್ತಿತ್ತು.

ನಮ್ಮ ಕಾಲದಲ್ಲಿ ಈ ನಿಯಮ ತಿರುಗಿತು. 'ದೂರದಿಂದ ದುಡಿಮೆ' ಎಂಬ ಕಲ್ಪನೆಗೆ ಇಂಗ್ಲಿಷಿನಲ್ಲಿ ಒಂದು ಹೆಸರನ್ನು ಕೊಟ್ಟವರು ಅಮೆರಿಕದ ಜ್ಯಾಕ್ ನಿಲ್ಸ್. ಅದು 1973ರ ಮಾತು. ನಮ್ಮಲ್ಲಿ ಅದು ಬಹುಕಾಲ ಕೆಲವರ ಭಾಗ್ಯವಾಗಿಯೇ ಉಳಿದಿತ್ತು. 2020ರ ಮಾರ್ಚ್ 24ರ ರಾತ್ರಿ ಕೊರೋನಾ ಪಿಡುಗಿನ ಕಾರಣ ದೇಶಕ್ಕೆ ದೇಶವೇ ಮನೆಯೊಳಗೆ ಉಳಿಯಬೇಕೆಂಬ ಆಜ್ಞೆಯಾದಾಗ, ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿದ್ದ ಎಷ್ಟೋ ತರುಣ ತರುಣಿಯರು ಮುಂದಿನ ತಿಂಗಳುಗಳಲ್ಲಿ ತಂತಮ್ಮ ಊರು ಸೇರಿದರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಇಂಥ ಸೇವಾ ಸಂಸ್ಥೆಗಳ ನಿಯಮಗಳನ್ನು ಸಡಿಲಿಸಿ ಮನೆಯಿಂದ ಕೆಲಸ ಮಾಡುವುದನ್ನು ಸುಲಭಗೊಳಿಸಿತು. ಹಿಂದೆ ಜನ ಬಲವಿದ್ದೆಡೆಗೆ ಹೋದರು. ಈಗ ತಂತಿಯ ಮೂಲಕ ಕೆಲಸವೇ ಜನರಿದ್ದೆಡೆಗೆ ಬಂದಿತು.

ಇದರ ಲಾಭವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಡಲಗಿಯ ಹುಡುಗ ಬೆಂಗಳೂರಿನ ಬಾಡಿಗೆ ಕೊಡಬೇಕಿಲ್ಲ. ತಂದೆಗೆ ಮೈಯಲ್ಲಿ ಸ್ವಸ್ಥವಿಲ್ಲವೆಂದರೆ ರಾತ್ರಿಯ ಗಾಡಿ ಹಿಡಿಯಬೇಕಿಲ್ಲ. ಹುಕ್ಕೇರಿಗೆ ಮದುವೆಯಾಗಿ ಬಂದ ಸೊಸೆ ತನ್ನ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕಿಲ್ಲ. ಆದರೆ ಲಾಭದ ಪುಟದ ಎದುರಿಗೆ ನಷ್ಟದ ಪುಟವೊಂದಿರುತ್ತದೆ. ಆ ಪುಟವನ್ನು ಮೊದಲು ಸರಿಯಾಗಿ ಓದಿದ್ದು ಚೀನಾ ದೇಶದ ಒಂದು ಪ್ರಯೋಗ.

ಶಾಂಘಾಯಿಯ ಪ್ರಯೋಗ

ಶಾಂಘಾಯಿಯಲ್ಲಿ ಸೀಟ್ರಿಪ್ ಎಂಬ ದೊಡ್ಡ ಪ್ರವಾಸ ಸಂಸ್ಥೆ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು 2010ರ ಕೊನೆಯಲ್ಲಿ ಅಲ್ಲಿನ ದೂರವಾಣಿ ವಿಭಾಗದ ಸ್ವಯಂಪ್ರೇರಿತರಾದ 249 ನೌಕರರನ್ನು ಆರಿಸಿಕೊಂಡರು. ಹುಟ್ಟಿದ ತಾರೀಖು ಸಮಸಂಖ್ಯೆಯಾಗಿದ್ದವರಿಗೆ ವಾರದಲ್ಲಿ ನಾಲ್ಕು ದಿನ ಮನೆಯಿಂದ ಕೆಲಸ. ಬೆಸಸಂಖ್ಯೆಯವರಿಗೆ ಎಂದಿನಂತೆ ಕಚೇರಿ. ಒಂಬತ್ತು ತಿಂಗಳ ಬಳಿಕ ಲೆಕ್ಕ ಹಾಕಿದಾಗ ಮನೆಯವರ ಕೆಲಸ ನೂರಕ್ಕೆ 13ರಷ್ಟು ಹೆಚ್ಚಾಗಿತ್ತು. ಕೆಲಸ ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಇಷ್ಟು ಕೇಳಿದರೆ ಯಾರಾದರೂ ಕಚೇರಿಗೆ ಬೀಗ ಜಡಿದುಬಿಡಬೇಕು!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮನೆಯಿಂದ ದುಡಿದವರ ಕೆಲಸ ಎಷ್ಟು ಚೆನ್ನಾಗಿತ್ತೋ ಅದಕ್ಕೆ ತಕ್ಕ ಬಡ್ತಿ ಅವರಿಗೆ ದೊರೆಯಲಿಲ್ಲ. ಕಣ್ಣಿಗೆ ಕಾಣದವನು ಮನಸ್ಸಿನಿಂದಲೂ ಮರೆಯಾದ. ಪ್ರಯೋಗ ಮುಗಿದ ಮೇಲೆ "ಎಲ್ಲಿ ಬೇಕಾದರೂ ಕೆಲಸ ಮಾಡಿರಿ" ಎಂದು ಸಂಸ್ಥೆಯವರು ಬಿಟ್ಟುಕೊಟ್ಟಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಕಚೇರಿಗೇ ಮರಳಿದರು. ಅವರು ಹೇಳಿದ ಮುಖ್ಯ ಕಾರಣ ಒಂಟಿತನ.

ಪಿಡುಗಿನ ಕಾಲದಲ್ಲಿ ಇನ್ನೊಂದು ದೊಡ್ಡ ಅಧ್ಯಯನ ನಡೆಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಅಮೆರಿಕದ 61,182 ನೌಕರರು 2020ರ ಮೊದಲ ಆರು ತಿಂಗಳಲ್ಲಿ ಯಾರೊಡನೆ ಎಷ್ಟು ವ್ಯವಹರಿಸಿದರೆಂಬುದನ್ನು ಸಂಶೋಧಕರು ಹೆಸರುಗಳನ್ನು ಮರೆಮಾಡಿ ಪರಿಶೀಲಿಸಿದರು. 2021ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿದೆ: ತಮ್ಮ ತಂಡದವರೊಡನೆ ಸಂಬಂಧ ಬಿಗಿಯಾಯಿತು, ಆದರೆ ಬೇರೆ ತಂಡಗಳವರೊಡನೆ ಕಳೆಯುತ್ತಿದ್ದ ವೇಳೆಯ ಪಾಲು ಸುಮಾರು ಕಾಲು ಭಾಗದಷ್ಟು ಕಡಿಮೆಯಾಯಿತು. ಊರಿನಲ್ಲಿ ಓಣಿಗಳು ಉಳಿದವು. ಓಣಿಯಿಂದ ಓಣಿಗೆ ಹೋಗುವ ಸಂದಿಗಳು ಮುಚ್ಚಿಕೊಂಡವು.

ಅರೆಪರಿಚಯದ ಬೆಲೆ

ಈ ಸಂದಿಗಳಿಂದ ಏನು ಪ್ರಯೋಜನವೆಂದು ಕೇಳಬಹುದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ ಎಂಬವರು 1973ರಲ್ಲಿ ಬರೆದ ಪ್ರಬಂಧವೊಂದು ಇದಕ್ಕೆ ಉತ್ತರ ಕೊಡುತ್ತದೆ. ನಮ್ಮ ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ, ಹೊಸ ಅವಕಾಶ ಬರುವುದು ಅರೆಪರಿಚಿತರಿಂದ. ಅಂದರೆ ಎದುರಾದಾಗ ಮುಗುಳ್ನಕ್ಕು ಎರಡು ಮಾತಾಡುವವರಿಂದ. ನಮ್ಮ ಮನೆಗಳಲ್ಲಿ ವರನ ಸುದ್ದಿ ಬರುವುದು ಹೇಗೆಂದು ನೆನೆದುಕೊಂಡರೆ ಈ ಸಿದ್ಧಾಂತ ತಾನೇ ಅರ್ಥವಾಗುತ್ತದೆ! ಅಣ್ಣ ತಮ್ಮಂದಿರಿಗೆ ತಿಳಿಯದ ಮನೆತನವನ್ನು ಬಸ್ಸಿನಲ್ಲಿ ಪಕ್ಕ ಕುಳಿತ ದೂರದ ಬೀಗರ ಬಂಧು ಹೇಳಿರುತ್ತಾನೆ.

ಕಚೇರಿಯಲ್ಲಿ ಈ ಅರೆಪರಿಚಯಗಳನ್ನು ಬೆಳೆಸುತ್ತಿದ್ದುದು ನೀರಿನ ಹೂಜಿ, ಚಹಾದ ಮೇಜು, ಮೆಟ್ಟಿಲು. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಥಾಮಸ್ ಆಲನ್ ಅವರು ಇಂಜಿನಿಯರುಗಳು ಕೂರುವ ಸ್ಥಳಗಳ ಅಂತರವನ್ನು ಅಳೆದು, 1977ರಲ್ಲಿ ಪ್ರಕಟವಾದ ಗ್ರಂಥದಲ್ಲಿ ತಿಳಿಸಿದ ಸಂಗತಿ ವಿನೋದಕರವಾಗಿದೆ: ಇಬ್ಬರ ನಡುವಣ ಅಂತರ ಹೆಚ್ಚಿದಂತೆ ಮಾತು ಬಲುಬೇಗ ಇಳಿದುಬಿಡುತ್ತದೆ, ಸುಮಾರು 50 ಮೀಟರು ದಾಟಿದ ಮೇಲೆ ಇನ್ನೆಷ್ಟು ದೂರವಿದ್ದರೂ ಅಷ್ಟೇ. ಐವತ್ತು ಮೀಟರಿಗೇ ಈ ಗತಿಯಾದರೆ ಮೂಡಲಗಿಗೂ ಬೆಂಗಳೂರಿಗೂ ನಡುವೆ ಇರುವ ಐನೂರಕ್ಕೂ ಮಿಕ್ಕಿದ ಕಿಲೋಮೀಟರುಗಳ ಪಾಡೇನು?

ಚಹಾ ಕಾಫಿಗಳಿಗೂ ಗಣಕಯಂತ್ರಗಳಿಗೂ ನಂಟು ಹಳೆಯದು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದವರು, ಮೆಟ್ಟಿಲು ಹತ್ತಿಳಿದು ಹೋದಾಗ ಕಾಫಿ ಪಾತ್ರೆ ಬರಿದಾಗಿರುವುದನ್ನು ಕಂಡು ಬೇಸತ್ತು, ಆ ಪಾತ್ರೆಗೇ ಒಂದು ಕ್ಯಾಮರಾ ಹೂಡಿದರು. ಅವರವರ ಮೇಜಿನ ಪರದೆಯ ಮೇಲೆ ಪಾತ್ರೆಯ ಚಿತ್ರ ಕಾಣುತ್ತಿತ್ತು. 1993ರಲ್ಲಿ ಅದು ಜಗತ್ತಿಗೆಲ್ಲ ಕಾಣುವಂತಾಯಿತು. 2001ರ ಆಗಸ್ಟಿನವರೆಗೆ ನಡೆಯಿತು. ಅಂತರಜಾಲದ ಮೊದಲ ಕ್ಯಾಮರಾ ನೋಡುತ್ತಿದ್ದುದು ಒಂದು ಕಾಫಿ ಪಾತ್ರೆಯನ್ನು! ಅಂದು ಯಂತ್ರ ಕಾಫಿ ಇದೆಯೇ ಎಂದು ಹೇಳುತ್ತಿತ್ತು. ಇಂದು ಯಾರೊಡನೆ ಕುಡಿಯಬೇಕೆಂದು ಹೇಳುತ್ತಿದೆ.

ಯಂತ್ರದ ಹೊಟ್ಟೆಯೊಳಗೆ

ಈ ಯಂತ್ರವೆಂದರೆ ಗಾಲಿ ಹಲ್ಲುಗಳ ಯಂತ್ರವಲ್ಲ. ಕಚೇರಿಯವರು ಸಂದೇಶ ಕಳಿಸಿಕೊಳ್ಳುವ ವ್ಯವಸ್ಥೆಯೊಳಗೆ ಕುಳಿತಿರುವ ಒಂದು ಕಾರ್ಯಕ್ರಮ. ಸ್ಲ್ಯಾಕ್ ಎಂಬ ವ್ಯವಸ್ಥೆಯಲ್ಲಿ ಡೋನಟ್ ಎಂಬುದು ಈ ಕೆಲಸ ಮಾಡುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್ ವ್ಯವಸ್ಥೆಗಾಗಿ ಐಸ್‌ಬ್ರೇಕರ್ ಎಂಬುದನ್ನು ರಚಿಸಿದ್ದಾರೆ. ಎಲ್ಲ ನೌಕರರೂ ದೂರದಿಂದಲೇ ದುಡಿಯುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಂತೂ ಇಂಥ ಕಾಫಿ ಮಾತುಕತೆಗಳನ್ನು ತನ್ನ ಬಹಿರಂಗ ಕೈಪಿಡಿಯಲ್ಲಿಯೇ ಬರೆದಿಟ್ಟಿದೆ. ಹೆಸರು ಯಾವುದಾದರೇನು, ಒಳಗಿನ ಕ್ರಮ ಬಹುಮಟ್ಟಿಗೆ ಒಂದೇ.

ಮೊದಲು ಒಪ್ಪಿಗೆ ಕೊಟ್ಟವರ ಹೆಸರಿನ ಪಟ್ಟಿ. ನಿಗದಿಯಾದ ದಿನ ಯಂತ್ರ ಆ ಪಟ್ಟಿಯಿಂದ ಜೋಡಿಗಳನ್ನು ಹೆಕ್ಕುತ್ತದೆ. ಈ ಹಿಂದೆ ಯಾರು ಯಾರೊಡನೆ ಕೂಡಿದ್ದರೆಂಬ ದಾಖಲೆ ನೋಡಿ, ಕೂಡದವರನ್ನು ಕೂಡಿಸಲು ಯತ್ನಿಸುತ್ತದೆ. ಆ ಬಳಿಕ ಇಬ್ಬರಿಗೂ ಒಂದು ಚೀಟಿ ಹೋಗುತ್ತದೆ: ಇವರು ನಿಮ್ಮ ಈ ವಾರದ ಸಂಗಾತಿ, ಬಿಡುವಾದಾಗ ಮಾತನಾಡಿ. ಇಬ್ಬರ ಕೆಲಸದ ವೇಳಾಪಟ್ಟಿಗಳನ್ನು ಹೋಲಿಸಿ ಬಿಡುವಿನ ಹೊತ್ತನ್ನು ಸೂಚಿಸುವ ವ್ಯವಸ್ಥೆಗಳೂ ಉಂಟು. ವಾರದ ಕೊನೆಗೆ "ಭೇಟಿಯಾಯಿತೇ?" ಎಂಬ ಒಂದೇ ಪ್ರಶ್ನೆ. ಪಟ್ಟಿಯಲ್ಲಿರುವವರ ಸಂಖ್ಯೆ ಬೆಸವಾದರೆ ಒಂದು ಗುಂಪಿನಲ್ಲಿ ಮೂವರು.

ಇಷ್ಟನ್ನು ಮನುಷ್ಯನೇ ಮಾಡಲಾರನೇ? ಮಾಡಬಲ್ಲ, ಆದರೆ ಮರೆಯುತ್ತಾನೆ. ಎಂಟು ಜನರ ತಂಡವನ್ನು ತೆಗೆದುಕೊಳ್ಳಿರಿ. ಅದರಲ್ಲಿ 28 ಜೋಡಿಗಳಾಗುತ್ತವೆ. ವಾರಕ್ಕೆ ನಾಲ್ಕು ಜೋಡಿಯಂತೆ ಏಳು ವಾರಗಳಲ್ಲಿ ಎಲ್ಲರೂ ಎಲ್ಲರನ್ನೂ ಒಮ್ಮೊಮ್ಮೆ ಕಾಣಬಹುದು. ಆದರೆ ಹಿಂದಿನ ದಾಖಲೆಯನ್ನು ನೋಡದೆ ಪ್ರತಿ ವಾರ ಬರಿಯ ಚೀಟಿ ಎತ್ತಿದರೆ, ಏಳು ವಾರಗಳ ಕೊನೆಗೆ ಒಬ್ಬನಿಗೆ ಸರಾಸರಿ ನಾಲ್ಕೂವರೆ ಜನರ ಪರಿಚಯ ಮಾತ್ರ ಆಗಿರುತ್ತದೆ. ಉಳಿದ ವಾರಗಳಲ್ಲಿ ಕಂಡವರೇ ಮತ್ತೆ ಬಂದಿರುತ್ತಾರೆ. ತಂಡ 40 ಜನರದಾದರೆ ಜೋಡಿಗಳು 780. ಒಂದು ಸುತ್ತಿಗೆ 39 ವಾರಗಳು. ಇಷ್ಟನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ಯಾವ ಗುಮಾಸ್ತನಿಗೂ ಕಷ್ಟ. ಯಂತ್ರಕ್ಕೆ ಅದು ಕ್ಷಣದ ಕೆಲಸ.

ಇದರ ಹಿಂದೆ ಸೊಗಸಾದ ಗಣಿತವಿದೆ. ಥಾಮಸ್ ಕರ್ಕ್‌ಮನ್ ಎಂಬ ಇಂಗ್ಲಿಷ್ ಪಾದ್ರಿಯೊಬ್ಬರು 1850ರಲ್ಲಿ ಪತ್ರಿಕೆಯೊಂದರಲ್ಲಿ ಒಂದು ಒಗಟನ್ನು ಒಡ್ಡಿದರು: ಹದಿನೈದು ಶಾಲಾಬಾಲಿಕೆಯರು ದಿನವೂ ಮೂವರು ಮೂವರಾಗಿ ಸಾಲುಗಟ್ಟಿ ವಾಯುಸೇವನೆಗೆ ಹೋಗುತ್ತಾರೆ. ಏಳು ದಿನಗಳಲ್ಲಿ ಯಾವ ಇಬ್ಬರೂ ಎರಡು ಸಲ ಒಂದೇ ಸಾಲಿನಲ್ಲಿ ಬಾರದಂತೆ ಹೊಂದಿಸಬಲ್ಲಿರಾ? ಹದಿನೈದು ಜನರಲ್ಲಿ 105 ಜೋಡಿಗಳು. ದಿನಕ್ಕೆ ಐದು ಸಾಲು, ಸಾಲಿಗೆ ಮೂರು ಜೋಡಿ, ಒಟ್ಟು 15. ಏಳು ದಿನಗಳಿಗೆ ಸರಿಯಾಗಿ 105. ಉತ್ತರ ಉಂಟು. ಅಂದು ಪಾದ್ರಿಗಳ ಒಗಟಿನಲ್ಲಿ ನಡೆದಾಡಿದ ಬಾಲಿಕೆಯರ ಹಾದಿಯಲ್ಲಿಯೇ ಇಂದು ಮೂಡಲಗಿಯ ಹುಡುಗನೂ ಹುಕ್ಕೇರಿಯ ಸೊಸೆಯೂ ನಡೆಯುತ್ತಿದ್ದಾರೆ.

ಸಣ್ಣ ತಂಡದವರು ಯಂತ್ರವಿಲ್ಲದೆಯೂ ಇದನ್ನು ಮಾಡಿಕೊಳ್ಳಬಹುದು. ಆರು ಜನರಿದ್ದರೆ ಒಂದರಿಂದ ಆರರವರೆಗೆ ಸಂಖ್ಯೆ ಕೊಡಿರಿ. ಆರನೆಯವನು ಬೀಸುವ ಕಲ್ಲಿನ ನಡುವಿನ ಗೂಟದಂತೆ ಕದಲದಿರಲಿ. ಉಳಿದ ಐವರು ಸುತ್ತಲೂ ಒಂದೊಂದು ಮನೆ ಸರಿಯುತ್ತ ಹೋಗಲಿ. ಮೊದಲನೆಯ ವಾರ 6-1, 2-5, 3-4. ಎರಡನೆಯ ವಾರ 6-2, 3-1, 4-5. ಮೂರನೆಯ ವಾರ 6-3, 4-2, 5-1. ನಾಲ್ಕನೆಯ ವಾರ 6-4, 5-3, 1-2. ಐದನೆಯ ವಾರ 6-5, 1-4, 2-3. ಐದು ವಾರಗಳಲ್ಲಿ ಹದಿನೈದು ಜೋಡಿಗಳೂ ಮುಗಿದವು. ಇದನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದರೂ ಸಾಕು. ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಆರು ಗೆಳತಿಯರಿಗೂ ಈ ಪಟ್ಟಿ ಒದಗೀತು!

ಬನ್ನಿಯ ಎಲೆ, ಕುಸುರೆಳ್ಳು

"ಯಂತ್ರ ಹೇಳಿದ್ದಕ್ಕೆ ಮಾತನಾಡುವ ಮಾತು ಮಾತೇ?" ಎಂಬ ಆಕ್ಷೇಪಣೆ ಸಹಜ. ಆದರೆ ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ವಿಜಯದಶಮಿಯ ಸಂಜೆ ಬನ್ನಿ ಹಿಡಿದು ಮನೆಮನೆಗೆ ಹೋಗುವುದು ನಮ್ಮ ಕಡೆಯ ಪದ್ಧತಿ. "ಬನ್ನಿ ತಗೊಂಡು ಬಂಗಾರದಾಂಗ ಇರೋಣ" ಎಂದು ಹಿರಿಯರ ಕಾಲಿಗೆರಗುತ್ತೇವೆ. ಸಂಕ್ರಾಂತಿಗೆ ಕುಸುರೆಳ್ಳು, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಾಂಗ ಇರೋಣ". ವರ್ಷವಿಡೀ ಮಾತು ಬಿಟ್ಟ ದಾಯಾದಿಗಳೂ ಆ ದಿನ ಎದುರಾದರೆ ಎಲೆ ಕೊಡಲೇಬೇಕು. ಯಾರು ಮೊದಲು ಮಾತನಾಡಬೇಕೆಂಬ ಬಿಗುಮಾನವನ್ನು ಪಂಚಾಂಗವೇ ಬಿಡಿಸುತ್ತದೆ. ವಾರದ ಸಂತೆಯೂ ಅಂಥದೇ. ಕಾಯಿಪಲ್ಲೆ ನೆಪ, ಕೂಡುವುದೇ ಮುಖ್ಯ. ಯಾರೂ ಯಾರನ್ನೂ ಕರೆಯುವುದಿಲ್ಲ, ವಾರವೇ ಎಲ್ಲರನ್ನೂ ಕರೆಯುತ್ತದೆ.

ಅಂದ ಮೇಲೆ ಭೇಟಿಯನ್ನು ಕಟ್ಟಳೆಗೆ ಒಪ್ಪಿಸುವುದು ಹೊಸದಲ್ಲ. ಕಟ್ಟಳೆಯು ಬಾಗಿಲನ್ನು ತೆರೆಯುತ್ತದೆ. ಒಳಗೆ ಹೋಗಿ ಕುಳಿತವರ ಮಾತು ಅವರದೇ. ನಾಚಿಕೆಯ ಸ್ವಭಾವದ ಹೊಸ ಹುಡುಗನಿಗೆ ಇದರಿಂದ ವಿಶೇಷ ಉಪಕಾರ. ಹಿರಿಯ ಅಧಿಕಾರಿಗೆ ತಾನಾಗಿ "ಬಿಡುವಿದೆಯೇ?" ಎಂದು ಕೇಳಲು ಅವನಿಗೆ ಧೈರ್ಯ ಸಾಲದು. ಯಂತ್ರ ಕೇಳಿದರೆ ಸಂಕೋಚವಿಲ್ಲ.

ಇದು ಬರಿಯ ಊಹೆಯಲ್ಲ. 2020ರಲ್ಲಿ ದೊಡ್ಡ ಸಂಸ್ಥೆಯೊಂದರ ಕಲಿಕೆಯ ನೌಕರರು ದೂರದಿಂದಲೇ ದುಡಿಯುತ್ತಿದ್ದಾಗ ಹಾರ್ವರ್ಡ್ ವಿದ್ವಾಂಸರಾದ ಬೊಜಿನೊವ್, ಚೌಧುರಿ, ಲೇನ್ ಎಂಬವರು ಒಂದು ಪ್ರಯೋಗ ಮಾಡಿದರು. ಚೀಟಿ ಎತ್ತಿ ಆರಿಸಿದ ಕೆಲವರಿಗೆ ಹಿರಿಯ ಅಧಿಕಾರಿಗಳೊಡನೆ ಪರದೆಯ ಮೇಲೆ ಅನೌಪಚಾರಿಕವಾಗಿ ಮಾತನಾಡುವ ಅವಕಾಶ ಕೊಟ್ಟರು. ಅವರಿಗೆ ಕೆಲಸದಲ್ಲಿ ಹೆಚ್ಚಿನ ಗುಣಾಂಕ ದೊರೆಯಿತು. ಕಾಯಂ ನೌಕರಿಯ ಆಹ್ವಾನವೂ ಹೆಚ್ಚು ಜನರಿಗೆ ಬಂದಿತು. ಆದರೆ ಅಧಿಕಾರಿಯೂ ಕಲಿಯುವವನೂ ಒಂದೇ ಬಗೆಯ ಹಿನ್ನೆಲೆಯವರಾಗಿದ್ದಾಗ ಈ ಫಲ ಹೆಚ್ಚಾಗಿ ಕಂಡಿತೆಂಬ ಸೂಚನೆಯನ್ನೂ ಅವರು ಕೊಟ್ಟಿದ್ದಾರೆ. ಇದು ಯೋಚಿಸಬೇಕಾದ ಮಾತು. ಸಣ್ಣ ಊರಿನವರು ಮೇಲಿನ ಕುರ್ಚಿಗಳಲ್ಲಿ ಇಲ್ಲದಿದ್ದರೆ ಸಣ್ಣ ಊರಿನ ಹುಡುಗನಿಗೆ ಈ ಬಾಗಿಲು ಅರ್ಧವೇ ತೆರೆದೀತು.

ಹರಟೆಯೂ ಹೊರೆಯಾದಾಗ

ಒಳ್ಳೆಯ ಮದ್ದಾದರೂ ಪ್ರಮಾಣ ತಪ್ಪಿದರೆ ಕೆಡುಕು. ಶುಕ್ರವಾರ ಸಂಜೆ ಮೂವತ್ತು ಜನರನ್ನು ಒಂದು ಪರದೆಯಲ್ಲಿ ತುಂಬಿ "ಎಲ್ಲರೂ ಸಂತೋಷವಾಗಿರಿ" ಎಂದು ಆಜ್ಞಾಪಿಸಿದರೆ ಸಂತೋಷ ಓಡಿಹೋಗುತ್ತದೆ. ಇಬ್ಬರು ಮಾತನಾಡಿ ಇಪ್ಪತ್ತೆಂಟು ಜನ ಗಡಿಯಾರ ನೋಡುತ್ತಾರೆ. ಸ್ಟ್ಯಾನ್‌ಫರ್ಡಿನ ಜೆರೆಮಿ ಬೇಲೆನ್‌ಸನ್ 2021ರಲ್ಲಿ ವಿಡಿಯೋ ಕರೆಗಳ ದಣಿವಿಗೆ ನಾಲ್ಕು ಕಾರಣಗಳನ್ನು ವಿವರಿಸಿದರು: ತೀರ ಹತ್ತಿರದಿಂದ ದಿಟ್ಟಿಸುವ ಕಣ್ಣುಗಳು, ಸದಾ ಎದುರಿಗೆ ಕಾಣುವ ನಮ್ಮದೇ ಮುಖ, ಕುಳಿತಲ್ಲಿಂದ ಅಲುಗಾಡಲಾಗದ ಬಂಧನ, ಮುಖಚರ್ಯೆಯನ್ನು ಅರ್ಥಮಾಡಿಕೊಳ್ಳಲು ಪಡಬೇಕಾದ ಅಧಿಕ ಶ್ರಮ. ದಿನವಿಡೀ ಪರದೆ ನೋಡಿದವರಿಗೆ ವಿಶ್ರಾಂತಿಗೂ ಪರದೆಯನ್ನೇ ಕೊಡುವುದು ನ್ಯಾಯವೇ? ಇಂಥ ಭೇಟಿಗೆ ಬರಿಯ ಧ್ವನಿ ಸಾಕು. ಅಂಗಳದಲ್ಲಿ ಅಡ್ಡಾಡುತ್ತ, ತುಳಸಿಗೆ ನೀರು ಹಾಕುತ್ತ ಮಾತನಾಡಬಹುದು. ಸಂಪರ್ಕ ಕ್ಷೀಣವಾಗಿರುವ ಹಳ್ಳಿಯಲ್ಲಿಯೂ ಧ್ವನಿ ತಲುಪುತ್ತದೆ, ಚಿತ್ರ ತೊದಲುತ್ತದೆ.

ವೇಳೆಯೂ ಮುಖ್ಯ. ಗೋಕಾಕದಲ್ಲಿ ಸಂಜೆ ನಾಲ್ಕಾದಾಗ ಲಂಡನ್ನಿನಲ್ಲಿ ಬೇಸಗೆಯಾದರೆ ಬೆಳಗಿನ ಹನ್ನೊಂದೂವರೆ. ನ್ಯೂಯಾರ್ಕಿನಲ್ಲಿ ಆರೂವರೆ, ಚಳಿಗಾಲವಾದರೆ ಐದೂವರೆ. ಹೀಗಾಗಿ ಕಡಲಾಚೆಯವರಿಗೆ ಅನುಕೂಲವಾಗಲೆಂದು ನಮ್ಮವರ ರಾತ್ರಿಯೂಟದ ಹೊತ್ತಿಗೆ ಹರಟೆಯನ್ನು ನೂಕುವುದುಂಟು. ಹುಕ್ಕೇರಿಯ ಸೊಸೆಗೆ ಆ ಹೊತ್ತು ಮಕ್ಕಳ ಅಭ್ಯಾಸ, ಮಾವನವರ ಔಷಧಿ, ರೊಟ್ಟಿಯ ಹಂಚು ಎಲ್ಲ ಒಟ್ಟಿಗೆ ಬರುವ ಹೊತ್ತು. ಕೆಲಸದ ವೇಳೆಯೊಳಗೇ ಹದಿನೈದು ನಿಮಿಷ ಕೊಟ್ಟರೆ ಅದು ಸ್ನೇಹ. ಕೆಲಸದ ಬಳಿಕ ಕೇಳಿದರೆ ಅದು ಇನ್ನೊಂದು ಕೆಲಸ.

ಎಲ್ಲಕ್ಕಿಂತ ಸೂಕ್ಷ್ಮವಾದುದು ನಂಬಿಕೆ. ಯಂತ್ರಕ್ಕೆ "ಕೂಡಿದರು" ಎಂಬುದಷ್ಟೇ ತಿಳಿದರೆ ಸಾಕು. ಏನು ಮಾತನಾಡಿದರೆಂಬುದು ತಿಳಿಯಕೂಡದು. ಮಾತನ್ನು ಮುದ್ರಿಸಿಕೊಳ್ಳುವುದಾಗಲಿ, ಭೇಟಿಗಳ ಸಂಖ್ಯೆಯನ್ನು ಹಾಜರಿ ಪುಸ್ತಕದಂತೆ ಬಡ್ತಿಗೆ ಜೋಡಿಸುವುದಾಗಲಿ ಆರಂಭವಾದ ದಿನವೇ ಈ ಏರ್ಪಾಡು ಸತ್ತಂತೆ. ಬೇಡವೆನ್ನುವ ಸ್ವಾತಂತ್ರ್ಯವೂ ಇರಬೇಕು. ಮನೆಯಲ್ಲಿ ಸೂತಕವಿರುತ್ತದೆ, ಮನಸ್ಸಿನಲ್ಲಿ ಮೋಡವಿರುತ್ತದೆ. ಕಾರಣ ಕೇಳದೆ ಒಂದು ವಾರ ಬಿಡುವು ಕೊಡುವ ಯಂತ್ರವೇ ಸಭ್ಯ ಯಂತ್ರ. ಭಾಷೆಯ ಹಂಗೂ ಬೇಡ. ಇಬ್ಬರು ಕನ್ನಡಿಗರು ಜೋಡಿಯಾದರೆ ಕಚೇರಿಯ ಇಂಗ್ಲಿಷನ್ನು ಆ ಹದಿನೈದು ನಿಮಿಷ ಗೂಟಕ್ಕೆ ತಗಲಿಸಿದರೆ ಯಾರ ಗಂಟೂ ಹೋಗದು.

ಮನೆಯವರ ಪಾಲು

ಈ ಲೇಖನ ಓದುವ ತಾಯಿ ತಂದೆಯರಿಗೆ, ಅತ್ತೆ ಮಾವಂದಿರಿಗೆ ಒಂದು ಬಿನ್ನಹ. ಬಾಗಿಲು ಮುಚ್ಚಿಕೊಂಡ ಮಗ ನಗುತ್ತಿದ್ದಾನೆಂದರೆ ಕೆಲಸಗಳ್ಳನೆಂದು ತಿಳಿಯಬೇಡಿ. ಸೊಸೆ ಕಿವಿಗೆ ಸಾಧನ ಹಾಕಿಕೊಂಡು ಯಾರೊಡನೆಯೋ "ನಿಮ್ಮ ಊರಾಗ ಮಳಿ ಆತೇನ್ರೀ?" ಎಂದು ಕೇಳುತ್ತಿದ್ದರೆ ಅದು ಪೋಲು ಮಾತಲ್ಲ. ಹೊತ್ತು ಬಂದಾಗ ತನ್ನ ಹೆಸರನ್ನು ನೆನೆಯುವ ಒಬ್ಬ ಮನುಷ್ಯನನ್ನು ಆಕೆ ಸಂಪಾದಿಸುತ್ತಿದ್ದಾಳೆ. ಆ ಕಾಲು ಗಂಟೆ ಮಿಕ್ಸರಿನ ಗದ್ದಲ ನಿಲ್ಲಿಸಿ, ಒಂದು ಕಪ್ಪು ಚಹಾ ಒಳಗೆ ಕಳುಹಿಸಿದರೆ ಅದೇ ದೊಡ್ಡ ಸಹಾಯ.

ಪಣಕ್ಕಿರುವುದು ಸಣ್ಣದಲ್ಲ. ನಮ್ಮ ದೇಶದ ಹಿರಿಯ ಸಂಸ್ಥೆಗಳಲ್ಲೊಂದಾದ ಟಿ.ಸಿ.ಎಸ್., 2025ರ ಹೊತ್ತಿಗೆ ತನ್ನ ನೌಕರರಲ್ಲಿ ನೂರಕ್ಕೆ 25 ಜನ ಮಾತ್ರ ಕಚೇರಿಯಲ್ಲಿದ್ದರೆ ಸಾಕೆಂದು 2020ರಲ್ಲಿ ಸಾರಿತ್ತು. 2023ರಲ್ಲಿ ವಾರಕ್ಕೆ ಐದು ದಿನ ಕಚೇರಿಗೆ ಬರಬೇಕೆಂದು ನೌಕರರಿಗೆ ತಿಳಿಸಿತು. ಇತರ ಹಲವರೂ ಕರೆಸಿಕೊಂಡರು. ಒಬ್ಬರನ್ನೊಬ್ಬರು ಕಾಣದೆ ಹೊಸಬರು ಕಲಿಯರು, ಸಂಬಂಧ ಬೆಳೆಯದು ಎಂಬುದು ಹೀಗೆ ಕರೆಯುವವರು ಹೇಳುವ ಕಾರಣಗಳಲ್ಲೊಂದು. ಆ ಕಾರಣದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಶಾಂಘಾಯಿಯ ನೌಕರರೇ ಅದಕ್ಕೆ ಸಾಕ್ಷಿ. ಆದರೆ ಅದೇ ಸಂಸ್ಥೆಯಲ್ಲಿ ಬ್ಲೂಮ್ ಮತ್ತು ಸಂಗಡಿಗರು ನಡೆಸಿ 2024ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ವಾರದಲ್ಲಿ ಎರಡು ದಿನ ಮನೆ, ಮೂರು ದಿನ ಕಚೇರಿ ಎಂದಾದಾಗ ಕೆಲಸವೂ ಕೆಡಲಿಲ್ಲ, ಬಡ್ತಿಯೂ ತಪ್ಪಲಿಲ್ಲ, ಕೆಲಸ ಬಿಡುವವರು ಮೂರನೆಯ ಒಂದು ಭಾಗ ಕಡಿಮೆಯಾದರು. ವಾರವಾರವೂ ಬೆಂಗಳೂರಿಗೆ ಹೋಗುವುದು ಮೂಡಲಗಿಯವನಿಗೆ ಸಾಧ್ಯವಿಲ್ಲ. ಹಾಗಾದರೆ ಅವನ ಮುಂದಿರುವ ದಾರಿ ಎರಡು: ಊರು ಬಿಡುವುದು, ಇಲ್ಲವೆ ದೂರವಿದ್ದೂ ಪರಿಚಿತನಾಗುವುದು. ಎರಡನೆಯ ದಾರಿಯನ್ನು ತುಸುವಾದರೂ ಸುಗಮ ಮಾಡುವ ಯಾವ ಉಪಾಯವನ್ನೂ ತಳ್ಳಿಹಾಕುವಂತಿಲ್ಲ.

ಜೊತೆಗೂಡಿದರೆ ದೂರದ ಊರುಗಳೂ ತಮ್ಮ ಕೊರತೆ ನೀಗಿಕೊಳ್ಳಬಲ್ಲವೆಂಬುದಕ್ಕೆ ಹುಕ್ಕೇರಿಯೇ ಸಾಕ್ಷಿ. 1969ರಲ್ಲಿ ಅಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮನೆಮನೆಗೆ ಬೆಳಕು ಹಂಚಿತು. ಈ ಮೂರು ತಾಲೂಕುಗಳ ತರುಣರು, ಕಚೇರಿ ಯಾವುದಾದರೂ ಆಗಲಿ, ತಿಂಗಳಿಗೊಮ್ಮೆ ಗ್ರಂಥಾಲಯದಲ್ಲಿಯೋ ಚಹಾದಂಗಡಿಯಲ್ಲಿಯೋ ಘಟಪ್ರಭೆಯ ದಡದಲ್ಲಿಯೋ ಕೂಡಬಾರದೇಕೆ? ದಿನಾಂಕ ನೆನಪಿಸುವ ಕೆಲಸವನ್ನು ಬೇಕಾದರೆ ಯಂತ್ರವೇ ಮಾಡಲಿ. ಯಂತ್ರದ ಮಿತಿ ಅಷ್ಟೇ. ಅದು ಚಹಾಕ್ಕೆ ಕರೆಯಬಲ್ಲದು, ಚಹಾ ಕುಡಿಸಲಾರದು.

ಗೋಕಾಕದ ಆ ಪಡಸಾಲೆಯಲ್ಲಿ ಶೇಂಗಾ ಸುಲಿದು ಮುಗಿಯುತ್ತ ಬಂದಿದೆ. ಮೊಮ್ಮಗಳು ಹೊರಗೆ ಬಂದು ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಳ್ಳುತ್ತಾಳೆ. ಆಯಿಗೆ ಇನ್ನೂ ಆ ಪುಣೆಯ ಹುಡುಗಿಯದೇ ಯೋಚನೆ.

"ಆ ಹುಡುಗಿ ಒಬ್ಬಾಕೀನ ಇರತಾಳೇನ ಯವ್ವಾ ಅಲ್ಲಿ?"

"ಹೂಂ ಆಯಿ. ಅವರ ಊರು ಭಾಳ ದೂರ."

"ಹಂಗಾರ ದೀಪಾವಳಿಗೆ ಇಲ್ಲಿಗೆ ಬಾ ಅನ್ನು. ಕರದಂಟು ತಿನ್ನಾಕ."

ಮುಂದಿನ ವಾರದ ಜೋಡಿಯನ್ನು ಯಂತ್ರ ಬೇರೆಯಾಗಿ ಹೊಂದಿಸಿದೆ. ಈ ಕರೆಯನ್ನು ಮಾತ್ರ ಮೊಮ್ಮಗಳೇ ಕಳುಹಿಸಬೇಕು.